ರೊನಾಲ್ಡೊ ಜೆರ್ಸಿ ಸಿಗುತ್ತೆ, ಮೈದಾನ ಎಲ್ಲಿದೆ?

ನಮ್ಮ ಉತ್ತರಹಳ್ಳಿಯ ಒಂದು ಅಡ್ಡರಸ್ತೆಯಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ಫುಟ್‌ಬಾಲ್ ನಡೆಯುತ್ತದೆ. ಮೈದಾನ ಅಂತೇನಿಲ್ಲ. ಅಕ್ಕಪಕ್ಕದ ಎರಡು ಖಾಲಿ ಸೈಟು, ಎರಡೂ ಮೂವತ್ತು-ನಲವತ್ತು. ಗೋಲ್‌ಪೋಸ್ಟಿಗೆ ಸಿಮೆಂಟಿನ ಹಾಲೋಬ್ಲಾಕ್. ಹತ್ತು ಹುಡುಗರಿದ್ದರೆ ನಾಲ್ವರ ಬೆನ್ನ ಮೇಲೆ 7 ನಂಬರ್ ಇರುತ್ತದೆ. ಒಬ್ಬನದು ಪೋರ್ಚುಗಲ್‌ನ ಕೆಂಪು, ಒಬ್ಬನದು ರಿಯಲ್ ಮ್ಯಾಡ್ರಿಡ್‌ನ ಬಿಳಿ, ಇನ್ನಿಬ್ಬರದು ಅಲ್ ನಸ್ರ್‌ನ ಹಳದಿ. ಹೆಸರು ಮಾತ್ರ ಎಲ್ಲರ ಬೆನ್ನ ಮೇಲೂ ಒಂದೇ.

ಈಚೆಗೆ ಒಂದು ಸೈಟಿಗೆ ಪಾಯ ತೆಗೆದರು. ಜಲ್ಲಿ, ಎಂ ಸ್ಯಾಂಡ್ ಬಂದು ಬಿತ್ತು. ಆಟ ಅರ್ಧಕ್ಕೆ ನಿಂತಿತು. 'ಇನ್ನೆಲ್ಲಿ ಆಡ್ತೀರೋ?' ಅಂತ ಕೇಳಿದೆ.

'ಟರ್ಫ್‌ಗೆ ಹೋಗ್ಬೇಕು ಅಣ್ಣ. ಗಂಟೆಗೆ ಸಾವಿರದಿನ್ನೂರು ಕೇಳ್ತಾರೆ. ಹತ್ತು ಜನ ಸೇರಿದ್ರೆ ತಲೆಗೆ ನೂರಿಪ್ಪತ್ತು. ವಾರಾ ವಾರಾ ಎಲ್ಲಿಂದ ತರೋದು?' ಅಂದ ಒಬ್ಬ. ಹಳದಿ ಜೆರ್ಸಿಯವನು ಮೊಬೈಲ್ ತೆಗೆದು ಒಂದು ರೀಲ್ಸ್ ತೋರಿಸಿದ. ಹಿನ್ನೆಲೆಯಲ್ಲಿ ಪಿಟೀಲು, ಮೇಲೆ ರೊನಾಲ್ಡೊನ ಬಾಲ್ಯದ ಫೋಟೊ. 'ಇವ್ನೂ ಬಡವ್ರ ಮನೆಯವ್ನೇ ಅಲ್ವಾ ಅಣ್ಣ. ಮನಸ್ಸು ಮಾಡಿದ್ರೆ ಎಲ್ಲಾ ಆಗುತ್ತೆ.'

ಆ ಹುಡುಗನ ಎದುರು ನಾನು ವಾದಕ್ಕೆ ಇಳಿಯಲಿಲ್ಲ. ಆದರೆ ಆ ಮಾತು ಅವತ್ತಿನಿಂದ ತಲೆಯಲ್ಲಿ ಕೂತಿದೆ. 'ಮನಸ್ಸು ಮಾಡಿದರೆ ಎಲ್ಲಾ ಆಗುತ್ತೆ' ಅನ್ನೋದು ಈಗ ನಮ್ಮ ಕಾಲದ ದೊಡ್ಡ ರಾಜಕೀಯ ಹೇಳಿಕೆ. ಕೆಲಸ ಸಿಗದವನಿಗೂ ಅದನ್ನೇ ಹೇಳ್ತಾರೆ, ಸೀಟು ಸಿಗದವಳಿಗೂ ಅದನ್ನೇ. ಅದಕ್ಕೆ ದೊಡ್ಡ ಸಾಕ್ಷಿ ಅಂತ ಎಲ್ಲರೂ ತೋರಿಸೋದು ಈ ಪೋರ್ಚುಗೀಸ್ ಆಟಗಾರನನ್ನು. ಹಾಗಾದರೆ ಆತನ ಕತೆಯನ್ನೇ ಒಮ್ಮೆ ಬಿಡಿಸಿ ನೋಡೋಣ.

ಏಣಿಯ ಕೆಳಗಿನ ಮೆಟ್ಟಿಲು

ಕ್ರಿಸ್ಟಿಯಾನೊ ರೊನಾಲ್ಡೊ ಹುಟ್ಟಿದ್ದು 1985ರ ಫೆಬ್ರವರಿ 5ರಂದು, ಅಟ್ಲಾಂಟಿಕ್ ಸಾಗರದ ಮಡೈರಾ ದ್ವೀಪದ ಫುಂಚಾಲ್‌ನಲ್ಲಿ. ಅಮ್ಮ ಅಡುಗೆ ಮತ್ತು ಸ್ವಚ್ಛತೆಯ ಕೆಲಸ ಮಾಡುತ್ತಿದ್ದರು. ಅಪ್ಪ ನಗರಸಭೆಯ ಮಾಲಿ. ಬಡತನ ನಿಜ. ರೀಲ್ಸ್ ಅಲ್ಲಿಯವರೆಗೆ ಸುಳ್ಳು ಹೇಳುತ್ತಿಲ್ಲ.

ರೀಲ್ಸ್ ಬಿಟ್ಟುಬಿಡುವ ಸಂಗತಿ ಇನ್ನೊಂದಿದೆ. ಆ ಮಾಲಿ ಅಪ್ಪ ಬಿಡುವಿನ ಹೊತ್ತಿನಲ್ಲಿ ಅಂದೊರಿನ್ಯಾ ಅನ್ನುವ ಪುಟ್ಟ ಕ್ಲಬ್ಬಿನಲ್ಲಿ ಆಟಗಾರರ ಬಟ್ಟೆ, ಚೆಂಡು, ಬೂಟು ನೋಡಿಕೊಳ್ಳುತ್ತಿದ್ದರು. ಅಂದರೆ ಬಡವರ ಕೇರಿಯಲ್ಲೂ ಒಂದು ಕ್ಲಬ್ ಇತ್ತು. ಮಗ ಏಳು ವರ್ಷಕ್ಕೆ ಅಲ್ಲಿ ಆಡಲು ಶುರು ಮಾಡಿದ. ಹತ್ತರ ಹೊತ್ತಿಗೆ ಅದೇ ದ್ವೀಪದ ದೊಡ್ಡ ಕ್ಲಬ್ ನ್ಯಾಸಿಯೊನಲ್ ಅವನನ್ನು ಸೇರಿಸಿಕೊಂಡಿತು. ಹನ್ನೆರಡಕ್ಕೆ ರಾಜಧಾನಿ ಲಿಸ್ಬನ್ನಿನ ಸ್ಪೋರ್ಟಿಂಗ್ ಕ್ಲಬ್ ಪರೀಕ್ಷೆ ಮಾಡಿ ನೋಡಿತು. ನ್ಯಾಸಿಯೊನಲ್ ತನಗೆ ಕೊಡಬೇಕಿದ್ದ ಹಳೆ ಬಾಕಿಗೆ ವಜಾ ಹಾಕಿಕೊಂಡು ಹುಡುಗನನ್ನು ಕರೆಸಿಕೊಂಡಿತು.

ಲಿಸ್ಬನ್ನಿನಲ್ಲಿ ಅವನ ದ್ವೀಪದ ಉಚ್ಚಾರಣೆ ಕೇಳಿ ಹುಡುಗರು ನಗುತ್ತಿದ್ದರು. ಬೀದರ್, ರಾಯಚೂರಿನಿಂದ ಬಂದು ಬೆಂಗಳೂರಿನ ಹಾಸ್ಟೆಲ್ ಸೇರಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹದಿನೈದನೇ ವಯಸ್ಸಿನಲ್ಲಿ ಎದೆಬಡಿತ ವಿಪರೀತ ಏರುವ ತೊಂದರೆ ಗೊತ್ತಾಯಿತು. ಶಸ್ತ್ರಚಿಕಿತ್ಸೆ ಆಯಿತು, ಕೆಲವೇ ದಿನಕ್ಕೆ ಅಭ್ಯಾಸಕ್ಕೆ ಮರಳಿದ. ಹದಿನೇಳಕ್ಕೆ ಮೊದಲ ತಂಡದಲ್ಲಿ ಆಡಿದ. 2003ರ ಆಗಸ್ಟ್‌ನಲ್ಲಿ, ಹದಿನೆಂಟಕ್ಕೆ, ಮ್ಯಾಂಚೆಸ್ಟರ್ ಯುನೈಟೆಡ್ ಸುಮಾರು 1.2 ಕೋಟಿ ಪೌಂಡ್ ಕೊಟ್ಟು ಕರೆದುಕೊಂಡು ಹೋಯಿತು.

ಅಲ್ಲಿಂದ ಮುಂದಿನದು ಎಲ್ಲರಿಗೂ ಗೊತ್ತು. 2009ರಲ್ಲಿ ರಿಯಲ್ ಮ್ಯಾಡ್ರಿಡ್, 2018ರಲ್ಲಿ ಯುವೆಂಟಸ್, 2021ರಲ್ಲಿ ಮತ್ತೆ ಮ್ಯಾಂಚೆಸ್ಟರ್, 2022ರ ಕೊನೆಯಲ್ಲಿ ಸೌದಿಯ ಅಲ್ ನಸ್ರ್. ಐದು ಬ್ಯಾಲನ್ ಡೋರ್. 2016ರ ಯುರೋ ಕಪ್. ದೇಶದ ಪರ ಅತಿ ಹೆಚ್ಚು ಗೋಲು ಹೊಡೆದ ಪುರುಷ ಆಟಗಾರ ಅನ್ನುವ ದಾಖಲೆ.

ಆತನ ಬೆವರನ್ನು ನಾನು ಕಡೆಗಣಿಸುತ್ತಿಲ್ಲ. ನಲವತ್ತು ದಾಟಿದ ಮೇಲೂ ಆ ಮೈಕಟ್ಟು ಇಟ್ಟುಕೊಂಡು ಆಡೋದು ಸುಮ್ಮನೆ ಆಗುವ ಕೆಲಸವಲ್ಲ. ಆದರೆ ಲೆಕ್ಕ ಹಾಕಿ ನೋಡಿ. ಏಳರಿಂದ ಹದಿನೇಳರ ತನಕದ ಹತ್ತು ವರ್ಷ ಅವನು ಒಂದಿಲ್ಲೊಂದು ಕ್ಲಬ್ಬಿನ ಹುಡುಗನಾಗಿಯೇ ಇದ್ದ. ಪ್ರತಿ ಮೆಟ್ಟಿಲಲ್ಲೂ ಅವನನ್ನು ನೋಡುವ ಒಬ್ಬ ಕೋಚ್ ಇದ್ದ, ಮುಂದಿನ ಮೆಟ್ಟಿಲಿಗೆ ಕಳಿಸುವ ಒಂದು ದಾರಿ ಇತ್ತು. ಮಡೈರಾದ ಜನಸಂಖ್ಯೆ ಸುಮಾರು ಎರಡೂವರೆ ಲಕ್ಷ. ಇಡೀ ಪೋರ್ಚುಗಲ್‌ನ ಜನ ನಮ್ಮ ಬೆಂಗಳೂರಿಗಿಂತ ಕಡಿಮೆ.

ಅದೇ ಕ್ಲಬ್ಬಿಗೆ ಹೋದ ನಮ್ಮವರು

ಸ್ಪೋರ್ಟಿಂಗ್ ಕ್ಲಬ್ಬಿನ ಅದೇ ಹಸಿರು-ಬಿಳಿ ಪಟ್ಟೆಯ ಜೆರ್ಸಿಯನ್ನು ನಮಗೆಲ್ಲ ಗೊತ್ತಿರುವ ಇನ್ನೊಬ್ಬ ಫಾರ್ವರ್ಡ್ ಕೂಡ ತೊಟ್ಟಿದ್ದರು. ಸುನಿಲ್ ಛೆಟ್ರಿ. ಹುಟ್ಟಿದ್ದು 1984ರ ಆಗಸ್ಟ್ 3ರಂದು, ರೊನಾಲ್ಡೊಗಿಂತ ಆರು ತಿಂಗಳು ಹಿರಿಯರು.

ಛೆಟ್ರಿ ಸ್ಪೋರ್ಟಿಂಗ್ ಸೇರಿದ್ದು 2012ರಲ್ಲಿ, ಇನ್ನೇನು 28 ತುಂಬುವ ಹೊತ್ತಿಗೆ. ರೊನಾಲ್ಡೊ ಹನ್ನೆರಡಕ್ಕೆ ಹತ್ತಿದ ಮೆಟ್ಟಿಲು ಇವರಿಗೆ ಸಿಕ್ಕಿದ್ದು ಹದಿನಾರು ವರ್ಷ ತಡವಾಗಿ. ಅದೂ ಕ್ಲಬ್ಬಿನ ಬಿ ತಂಡದಲ್ಲಿ. ಎರಡನೇ ದರ್ಜೆಯ ಲೀಗ್‌ನಲ್ಲಿ ಮೂರು ಪಂದ್ಯ ಆಡಿದರು. ಕೆಲವೇ ತಿಂಗಳಲ್ಲಿ ಸಾಲದ ಮೇಲೆ ಗೋವಾದ ಚರ್ಚಿಲ್ ಬ್ರದರ್ಸ್‌ಗೆ ಬಂದರು. 2013ರಲ್ಲಿ ಹೊಸದಾಗಿ ಹುಟ್ಟಿದ ಬೆಂಗಳೂರು ಎಫ್‌ಸಿ ಸೇರಿದರು.

ಅದಕ್ಕೂ ಮೊದಲು 2009ರಲ್ಲಿ ಲಂಡನ್ನಿನ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಜೊತೆ ಒಪ್ಪಂದವೇ ಆಗಿತ್ತು. ಬ್ರಿಟನ್ ಕೆಲಸದ ಪರವಾನಗಿ ಕೊಡಲಿಲ್ಲ. ಫಿಫಾ ಪಟ್ಟಿಯಲ್ಲಿ ಭಾರತ ಮೊದಲ 70ರೊಳಗೆ ಇರಲಿಲ್ಲ ಅನ್ನೋದು ಕಾರಣ. ಆಟಗಾರ ಚೆನ್ನಾಗಿದ್ದ, ಆಟಗಾರನ ದೇಶ ಚೆನ್ನಾಗಿರಲಿಲ್ಲ. 2010ರಲ್ಲಿ ಅಮೆರಿಕದ ಕನ್ಸಾಸ್ ಸಿಟಿಗೆ ಹೋದರು, ಅಲ್ಲೂ ಆಡಲು ಸಿಕ್ಕಿದ್ದು ಅಷ್ಟಕ್ಕಷ್ಟೇ.

ಇಂಥ ಏಣಿಯಲ್ಲಿ ಹತ್ತಿ ಬಂದು ಅವರು ಮಾಡಿದ್ದು ಕಡಿಮೆಯೇನಲ್ಲ. 2024ರ ಜೂನ್ 6ರಂದು ಕೋಲ್ಕತ್ತಾದಲ್ಲಿ ಕುವೈತ್ ವಿರುದ್ಧ ಆಡಿ ಅಂತರರಾಷ್ಟ್ರೀಯ ಆಟಕ್ಕೆ ವಿದಾಯ ಹೇಳಿದಾಗ 151 ಪಂದ್ಯಗಳಲ್ಲಿ 94 ಗೋಲು ಅವರ ಹೆಸರಲ್ಲಿದ್ದವು. ಆಗ ಆಡುತ್ತಿದ್ದವರ ಪೈಕಿ ರೊನಾಲ್ಡೊ ಮತ್ತು ಮೆಸ್ಸಿ ಮಾತ್ರ ಮುಂದಿದ್ದರು. ಈ ಮಾತನ್ನು ನಾವು ಹೆಮ್ಮೆಯಿಂದ ಹೇಳಿಕೊಂಡು ತಿರುಗಿದೆವು. ಆ ಗೋಲುಗಳು ಎಂಥ ತಂಡಗಳ ವಿರುದ್ಧ ಬಂದವು ಅಂತ ಕೆಲವರು ಕುಹಕ ಆಡಿದರು. ನನಗೆ ಎರಡೂ ಮುಖ್ಯ ಅನಿಸಲ್ಲ. ಮುಖ್ಯ ಅನಿಸಿದ್ದು ಮುಂದಿನ ವರ್ಷ ನಡೆದದ್ದು. 2025ರ ಮಾರ್ಚ್‌ನಲ್ಲಿ ನಿವೃತ್ತಿ ಹಿಂತೆಗೆಸಿ ಅವರನ್ನೇ ಮತ್ತೆ ಕರೆತಂದರು. ಮಾಲ್ಡೀವ್ಸ್ ವಿರುದ್ಧ ಬಂದು 95ನೇ ಗೋಲನ್ನೂ ಹೊಡೆದರು. ಅದೇ ಋತುವಿನ ಐಎಸ್‌ಎಲ್‌ನಲ್ಲಿ 14 ಗೋಲು ಹೊಡೆದು ಭಾರತೀಯರಲ್ಲಿ ಮೊದಲಿಗರಾಗಿದ್ದೂ ಅವರೇ. ನೂರನಲವತ್ತು ಕೋಟಿ ಜನರ ದೇಶಕ್ಕೆ ನಲವತ್ತು ವರ್ಷದ ಫಾರ್ವರ್ಡ್‌ಗೆ ಬದಲಿ ಸಿಗಲಿಲ್ಲ. ಕೊನೆಗೆ ಅಕ್ಟೋಬರ್‌ನಲ್ಲಿ ಗೋವಾದಲ್ಲಿ ಸಿಂಗಾಪುರದ ಎದುರು 1-2ರಲ್ಲಿ ಸೋತು 2027ರ ಏಷ್ಯನ್ ಕಪ್ ಬಾಗಿಲೂ ಮುಚ್ಚಿತು.

ಇನ್ನೊಂದು ವಿಷಯ. ಛೆಟ್ರಿಯವರ ಅಪ್ಪ ಸೇನೆಯಲ್ಲಿದ್ದವರು. ಅಮ್ಮ ನೇಪಾಳದ ಮಹಿಳಾ ತಂಡದಲ್ಲಿ ಫುಟ್‌ಬಾಲ್ ಆಡಿದವರು. ಅವರ ಮೊದಲ ಕೋಚು, ಮೊದಲ ಕ್ಲಬ್ಬು ಮನೆಯಲ್ಲೇ ಇತ್ತು. ನಮ್ಮ ಬೀದಿಯ ಆ ಸೈಟಿನಲ್ಲಿ ಆಡೋ ಹುಡುಗರಿಗೆ ಅದಿಲ್ಲ. ಹುಡುಗಿಯರಂತೂ ಆ ಸೈಟಿನ ಹತ್ತಿರವೂ ಬರಲ್ಲ. ಬರೋಕೆ ಜಾಗವೂ ಇಲ್ಲ, ಬನ್ನಿ ಅನ್ನೋರೂ ಇಲ್ಲ.

ನಮಗೂ ಒಂದು ಏಣಿ ಇತ್ತು

ಬೆಂಗಳೂರಿಗೆ ಫುಟ್‌ಬಾಲ್ ಬಂದಿದ್ದು 2013ರಲ್ಲಿ ಅಂತ ತಿಳಿದವರು ನಮ್ಮ ದಕ್ಷಿಣ ಬೆಂಗಳೂರಿನಲ್ಲಿ ಬಹಳ ಮಂದಿ ಇದ್ದಾರೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತ 1-2ರಲ್ಲಿ ಸೋತಿತು. ಆ ಒಂದು ಗೋಲು ಹೊಡೆದವರು ಬೆಂಗಳೂರಿನ ಎಸ್. ರಾಮನ್. ಅದು ಸ್ವತಂತ್ರ ಭಾರತದ ಮೊದಲ ಅಂತರರಾಷ್ಟ್ರೀಯ ಗೋಲು. ಅದೇ ತಂಡದಲ್ಲಿದ್ದ ಅಹ್ಮದ್ ಖಾನ್ ಕೂಡ ಇದೇ ಊರಿನವರು, ಆಮೇಲೆ ಕೋಲ್ಕತ್ತಾದ ಈಸ್ಟ್ ಬೆಂಗಾಲ್‌ನಲ್ಲಿ ದಂತಕತೆಯಾದವರು. ಮೈಸೂರು ರಾಜ್ಯದ ತಂಡ 1969ರ ಹೊತ್ತಿಗೆ ನಾಲ್ಕು ಸಲ ಸಂತೋಷ್ ಟ್ರೋಫಿ ಗೆದ್ದಿತ್ತು.

ಆ ಆಟಗಾರರು ಬಂದಿದ್ದು ಹೆಚ್ಚಾಗಿ ಕಂಟೋನ್ಮೆಂಟ್ ಕಡೆಯಿಂದ. ಹಲಸೂರು ಬಳಿಯ ಗೌತಮಪುರದಲ್ಲಿ ಇವತ್ತಿಗೂ ಪೆಲೆಯ ಪ್ರತಿಮೆ ಇದೆ. ಅದೇ ಬೀದಿಯಲ್ಲಿ ಅಂಬೇಡ್ಕರ್ ಕೂಡ ಇದ್ದಾರೆ. ದುಡಿಯುವ ಜನರ, ದಲಿತರ, ಮುಸ್ಲಿಮರ, ಕ್ರೈಸ್ತರ ಕೇರಿಗಳು ಅವು. ಅಲ್ಲಿನ ಹುಡುಗ ಚೆನ್ನಾಗಿ ಆಡಿದರೆ ಮುಂದಿನ ಮೆಟ್ಟಿಲು ಐಟಿಐ, ಎಚ್‌ಎಎಲ್, ಬಿಇಎಂಎಲ್‌ನಂಥ ಸಾರ್ವಜನಿಕ ಉದ್ದಿಮೆಗಳ ತಂಡ. ಬೆಳಿಗ್ಗೆ ಅಭ್ಯಾಸ, ಆಮೇಲೆ ಕಾರ್ಖಾನೆ, ತಿಂಗಳ ಕೊನೆಗೆ ಸಂಬಳ. ಅಂದೊರಿನ್ಯಾ ಕ್ಲಬ್ ಮಡೈರಾದಲ್ಲಿ ಮಾಡಿದ ಕೆಲಸವನ್ನು ನಮ್ಮಲ್ಲಿ ಈ ಕೇರಿ ಕ್ಲಬ್ಬುಗಳೂ ಈ ಕಾರ್ಖಾನೆಗಳೂ ಸೇರಿ ಮಾಡುತ್ತಿದ್ದವು. ಉದ್ದಿಮೆಗಳು ಸೊರಗಿದವು, ಕ್ರೀಡಾ ಕೋಟಾದ ನೇಮಕಾತಿ ಸೊರಗಿತು. ಎಚ್‌ಎಎಲ್ 2011-12ರ ಋತುವಿನಲ್ಲಿ ಐ-ಲೀಗ್‌ನಿಂದ ಕೆಳಗಿಳಿಯಿತು. ಮರುವರ್ಷವೇ ಜೆಎಸ್‌ಡಬ್ಲ್ಯು ದುಡ್ಡಿನಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿತು.

ಬೆಂಗಳೂರು ಎಫ್‌ಸಿಯನ್ನು ಬೈಯುವ ಉದ್ದೇಶ ನನಗಿಲ್ಲ. ಕಂಠೀರವದ ವೆಸ್ಟ್ ಬ್ಲಾಕ್‌ನಲ್ಲಿ ನಿಂತು ಗಂಟಲು ಹರಿದುಕೊಂಡವರಲ್ಲಿ ನಾನೂ ಒಬ್ಬ. ಮೊದಲ ವರ್ಷವೇ ಐ-ಲೀಗ್ ಗೆದ್ದರು, 2016ರಲ್ಲಿ ಎಎಫ್‌ಸಿ ಕಪ್ ಫೈನಲ್‌ವರೆಗೆ ಹೋದರು, 2019ರಲ್ಲಿ ಐಎಸ್‌ಎಲ್ ಗೆದ್ದರು. ಅವರ ಯುವ ತಂಡದಿಂದ ಬಂದ ವಿನೀತ್ ವೆಂಕಟೇಶ್ 2024ರ ಸೆಪ್ಟೆಂಬರ್‌ನಲ್ಲಿ ತನ್ನ ಮೊದಲ ಐಎಸ್‌ಎಲ್ ಪಂದ್ಯದಲ್ಲೇ ಈಸ್ಟ್ ಬೆಂಗಾಲ್ ವಿರುದ್ಧ ಗೆಲುವಿನ ಗೋಲು ಹೊಡೆದಾಗ ಕಣ್ಣು ಒದ್ದೆಯಾಗಿತ್ತು. ಆದರೆ ಒಂದು ಕಂಪನಿಯ ಒಂದು ಕ್ಲಬ್ ಇಡೀ ಊರಿನ ಏಣಿ ಆಗಲಾರದು. 2025ರಲ್ಲಿ ಅದು ಬಯಲಾಯಿತು. ಫುಟ್‌ಬಾಲ್ ಫೆಡರೇಶನ್ನಿಗೂ ಲೀಗ್ ನಡೆಸುವ ಕಂಪನಿಗೂ ನಡುವಿನ ಒಪ್ಪಂದ ಮುಗಿಯುತ್ತ ಬಂದು, ಜುಲೈನಲ್ಲಿ ಐಎಸ್‌ಎಲ್ ತಡೆಹಿಡಿಯಲಾಯಿತು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳ ನಿಲ್ಲಿಸಿತು. ಯುವ ತಂಡಗಳನ್ನು ಮಾತ್ರ ನಿಲ್ಲಿಸುವುದಿಲ್ಲ ಅಂತ ಹೇಳಿತು. ಫೆಬ್ರವರಿ 14ರಿಂದ ಲೀಗ್ ಶುರು ಅಂತ ಕೇಂದ್ರ ಕ್ರೀಡಾ ಸಚಿವರು ಘೋಷಿಸುವ ಹೊತ್ತಿಗೆ 2026ರ ಜನವರಿ ಬಂದಿತ್ತು. ಛೆಟ್ರಿಯ ತಂಡಕ್ಕೇ ಈ ಗತಿಯಾದರೆ ಕೆಳಗಿನವರ ಪಾಡೇನು?

ಅದೇ ಅಕ್ಟೋಬರ್ 22ರಂದು ಅಲ್ ನಸ್ರ್ ತಂಡ ಎಫ್‌ಸಿ ಗೋವಾ ವಿರುದ್ಧ ಆಡಲು ಫತೋರ್ಡಾಕ್ಕೆ ಬಂತು. ರೊನಾಲ್ಡೊ ಬರಲಿಲ್ಲ. 'ಬರಲಿಲ್ಲ' ಅನ್ನೋದೇ ನಮ್ಮಲ್ಲಿ ದಿನಗಟ್ಟಲೆ ಸುದ್ದಿ. ಪಂದ್ಯ 1-2ರಲ್ಲಿ ಮುಗಿಯಿತು, ಗೋವಾ ಪರ ಬ್ರೈಸನ್ ಫರ್ನಾಂಡಿಸ್ ಗೋಲು ಹೊಡೆದರು. ಸೌದಿಯ ಸರ್ಕಾರಿ ನಿಧಿ ಸಾಕುವ ತಂಡದ ಎದುರು ನಮ್ಮ ಹುಡುಗನೊಬ್ಬ ಹೊಡೆದ ಆ ಗೋಲು ಎಷ್ಟು ಜನರ ಮೊಬೈಲಿಗೆ ಬಂತು?

ಇನ್ನೂ ಒಂದು ಕೇಳ್ತೀನಿ. 2023ರ ಮಾರ್ಚ್ 4ರಂದು ಕರ್ನಾಟಕ ತಂಡ ಸಂತೋಷ್ ಟ್ರೋಫಿ ಗೆದ್ದಿದ್ದು ಎಷ್ಟು ಜನಕ್ಕೆ ನೆನಪಿದೆ? ಫೈನಲ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ, 54 ವರ್ಷದ ನಂತರ ಬಂದ ಗೆಲುವು. ಪಂದ್ಯ ನಡೆದಿದ್ದು ಸೌದಿಯ ರಿಯಾದ್‌ನಲ್ಲಿ. ಅಂದರೆ ರೊನಾಲ್ಡೊ ಕೋಟಿಗಟ್ಟಲೆ ಸಂಬಳಕ್ಕೆ ಬಂದಿಳಿದ ಊರಿನಲ್ಲೇ, ಆತ ಬಂದ ಎರಡೇ ತಿಂಗಳಿಗೆ. ಆ ಕರ್ನಾಟಕ ತಂಡದ ಒಬ್ಬ ಆಟಗಾರನ ಹೆಸರಿರುವ ಜೆರ್ಸಿಯನ್ನೂ ನಾನು ಇವತ್ತಿನವರೆಗೆ ಯಾರ ಮೈಮೇಲೂ ನೋಡಿಲ್ಲ.

ಸೈಟಿಗೆ ಖಾತಾ ಸಿಗುತ್ತೆ, ಮೈದಾನಕ್ಕೆ?

ಮತ್ತೆ ಉತ್ತರಹಳ್ಳಿಗೆ ಬರೋಣ. 2008ರ ಕ್ಷೇತ್ರ ಮರುವಿಂಗಡಣೆಗೆ ಮುಂಚೆ ಉತ್ತರಹಳ್ಳಿ ಅನ್ನೋದು ದೇಶದ ಅತಿ ದೊಡ್ಡ ವಿಧಾನಸಭಾ ಕ್ಷೇತ್ರಗಳಲ್ಲಿ ಒಂದಾಗಿತ್ತು. ಇಲ್ಲಿನ ಮತದಾರರೇ ಮಡೈರಾ ದ್ವೀಪದ ಜನಸಂಖ್ಯೆಗಿಂತ ಎಷ್ಟೋ ಹೆಚ್ಚಿದ್ದರು. ಇಷ್ಟು ಓಟಿದ್ದ ಜಾಗಕ್ಕೆ ಯಾಕೆ ಒಂದು ನೆಟ್ಟಗಿನ ಫುಟ್‌ಬಾಲ್ ಮೈದಾನ ಬರಲಿಲ್ಲ?

ಉತ್ತರ ಇರೋದು ಭೂಮಿಯಲ್ಲಿ. ಬಿಡಿಎ ಬಡಾವಣೆ ಮಾಡಿದರೆ ಕಾನೂನಿನ ಪ್ರಕಾರ ಶೇ. 15ರಷ್ಟು ಜಾಗ ಪಾರ್ಕು, ಆಟದ ಮೈದಾನಕ್ಕೆ ಬಿಡಬೇಕು. ನಾಗರಿಕ ಸೌಲಭ್ಯಕ್ಕೆ ಬೇರೆ ಶೇ. 10. ಜಯನಗರದಲ್ಲಿ ಬೆಳೆದವರು ಆಟದ ಮೈದಾನದ ನೆನಪು ಹೇಳಿಕೊಳ್ಳೋದು ಸುಮ್ಮನೆ ಅಲ್ಲ, ಅಲ್ಲಿ ಮೊದಲೇ ನಕ್ಷೆ ಹಾಕಿ ಜಾಗ ಬಿಟ್ಟಿದ್ದರು. ಉತ್ತರಹಳ್ಳಿ, ಸುಬ್ರಮಣ್ಯಪುರ, ಅರೇಹಳ್ಳಿಯ ಬಹುಭಾಗ ಬೆಳೆದಿದ್ದು ಹಾಗಲ್ಲ. ಹೊಲ ಇತ್ತು, ಹೊಲಕ್ಕೆ ಸುಣ್ಣದ ಗೆರೆ ಎಳೆದರು, ರೆವಿನ್ಯೂ ಸೈಟು ಅಂತ ಮಾರಿದರು. ಆಟಕ್ಕೆ ಅಂತ ಜಾಗ ಬಿಟ್ಟರೆ ಅಷ್ಟು ಸೈಟು ಕಡಿಮೆ. ಯಾರು ಬಿಡ್ತಾರೆ?

ಕೊಂಡವರನ್ನು ದೂರಿ ಉಪಯೋಗವಿಲ್ಲ. ಜಯನಗರದಲ್ಲಿ ಕೊಳ್ಳಲು ಆಗದವರು ಇಲ್ಲಿ ಬಂದು ಹೊಟ್ಟೆಬಟ್ಟೆ ಕಟ್ಟಿ ಸೈಟು ಮಾಡಿಕೊಂಡರು. ಅವರ ಬಿ ಖಾತಾ ಎ ಖಾತಾ ಆಗಲಿ ಅಂತ ಎಲ್ಲ ಪಕ್ಷಗಳೂ ಮಾತಾಡುತ್ತವೆ, ಆಗಬೇಕಾದ್ದೇ. ಆದರೆ ಖಾತಾ ಸರಿಮಾಡುವಾಗ, ಆ ಬಡಾವಣೆ ಹುಟ್ಟುವಾಗಲೇ ನುಂಗಿಹೋದ ಮೈದಾನವನ್ನು ಎಲ್ಲಿಂದ ತಂದು ಕೊಡ್ತೀರಿ ಅಂತ ಯಾರೂ ಕೇಳುವುದಿಲ್ಲ. ಟರ್ಫಿನವನು ಗಂಟೆಗೆ ಸಾವಿರದಿನ್ನೂರು ಕೇಳೋದು ಈ ಖಾಲಿ ಬಿದ್ದ ಜಾಗದಲ್ಲಿ. ಅವನದು ವ್ಯಾಪಾರ, ಅವನು ಮಾಡ್ತಾನೆ. ಸರ್ಕಾರ ಮಾಡಬೇಕಾದ್ದನ್ನು ಮಾಡದಿದ್ದಾಗ ಆಟಕ್ಕೂ ಟೋಲ್ ಬೀಳುತ್ತದೆ.

ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ರಕ್ಷಣೆಗೆ 1985ರಲ್ಲೇ ರಾಜ್ಯದಲ್ಲಿ ಕಾಯ್ದೆ ಬಂದಿದೆ. ಇಂಥ ಜಾಗಗಳ ಪಟ್ಟಿ ಇಡಬೇಕು, ಬೇರೆ ಕೆಲಸಕ್ಕೆ ಬಳಸಬಾರದು ಅನ್ನೋದು ಅದರ ತಿರುಳು. ಪಟ್ಟಿ ಕೇಳೋಕೆ ಹೋಗೋಣ ಅಂದರೆ ಯಾರ ಹತ್ತಿರ? 2020ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಕೌನ್ಸಿಲ್ಲಿನ ಅವಧಿ ಮುಗಿದ ಮೇಲೆ ಐದು ವರ್ಷಕ್ಕೂ ಹೆಚ್ಚು ಕಾಲ ನಮಗೆ ಕಾರ್ಪೊರೇಟರೇ ಇಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳು ಬಂದವು. ಬೋರ್ಡುಗಳು ಬದಲಾದವು.

ಪಾಲಿಕೆ ಚುನಾವಣೆಗೆ ಓಟು ಕೇಳುತ್ತ ಮನೆ ಬಾಗಿಲಿಗೆ ಬರುವವರಿಗೆ ನಾವು ಕೇಳಬೇಕಾದ ಪ್ರಶ್ನೆಗಳು ಕಷ್ಟದವೇನಲ್ಲ. ಈ ವಾರ್ಡಿನಲ್ಲಿ 1985ರ ಕಾಯ್ದೆಯಡಿ ಎಷ್ಟು ಮೈದಾನ ಇದೆ, ಪಟ್ಟಿ ತೋರಿಸಿ. ಸರ್ಕಾರಿ ಶಾಲೆಗಳ ಬಯಲನ್ನು ಸಂಜೆ ಮತ್ತು ಭಾನುವಾರ ಬೀದಿಯ ಮಕ್ಕಳಿಗೆ ತೆರೆದಿಡ್ತೀರಾ? ನಾಗರಿಕ ಸೌಲಭ್ಯದ ಸೈಟುಗಳಲ್ಲಿ ಒಂದನ್ನಾದರೂ ಆಟಕ್ಕೆ ಕೊಡ್ತೀರಾ? ಅಲ್ಲಿ ಹುಡುಗಿಯರಿಗೆ ಅಂತ ಹೊತ್ತು ಇಡ್ತೀರಾ? ಸಂಬಳ ಕೊಟ್ಟು ಒಬ್ಬ ಕೋಚ್ ನೇಮಿಸ್ತೀರಾ?

ಮೈದಾನ ಕೊಟ್ಟುಬಿಟ್ಟರೆ ರೊನಾಲ್ಡೊ ಹುಟ್ಟಿಬಿಡ್ತಾನಾ ಅಂತ ಕೇಳಬಹುದು. ಇಲ್ಲ. ಅಂದೊರಿನ್ಯಾದಲ್ಲಿ ಅವನ ಜೊತೆ ಆಡಿದ ಹುಡುಗರಲ್ಲಿ ಹೆಚ್ಚಿನವರ ಹೆಸರು ಯಾರಿಗೂ ಗೊತ್ತಿಲ್ಲ. ಅವರೂ ಆಡಿದರು, ಬೆಳೆದರು, ಬೇರೆ ಬೇರೆ ಕೆಲಸ ಹಿಡಿದರು. ಆ ಕ್ಲಬ್ ಇದ್ದಿದ್ದು ಅವರಿಗಾಗಿಯೂ ಹೌದು. ನಮ್ಮ ಸೈಟಿನ ಹತ್ತು ಹುಡುಗರಲ್ಲಿ ಒಬ್ಬನೂ ಛೆಟ್ರಿ ಆಗದೇ ಇರಬಹುದು. ಭಾನುವಾರ ಬೆಳಿಗ್ಗೆ ಎರಡು ಗಂಟೆ ಓಡಾಡೋಕೆ ಅವರಿಗೆ ಹಕ್ಕಿಲ್ಲವೇ?

ಮೊನ್ನೆ ಹಾಗೇ ಆ ಕಡೆ ಹೋಗಿದ್ದೆ. ಮೊದಲ ಸೈಟಿನಲ್ಲಿ ಪಿಲ್ಲರ್ ಎದ್ದಿವೆ. ಹುಡುಗರು ಉಳಿದ ಒಂದೇ ಸೈಟಿನಲ್ಲಿ ಮೂರು-ಮೂರು ಜನ ಆಡುತ್ತಿದ್ದರು, ಇನ್ನು ನಾಲ್ವರು ಸರದಿಗಾಗಿ ಜಲ್ಲಿ ರಾಶಿಯ ಮೇಲೆ ಕೂತಿದ್ದರು. ಹಳದಿ ಜೆರ್ಸಿಯವನೂ ಅಲ್ಲೇ ಕೂತಿದ್ದ. 'ಇದೂ ಮಾರಿ ಹೋಯ್ತಂತೆ ಅಣ್ಣ' ಅಂದ. ಮನಸ್ಸು ಮಾಡುವುದರಲ್ಲಿ ಅವನದೇನೂ ಕೊರತೆ ನನಗೆ ಕಾಣಲಿಲ್ಲ.